ಕಂಬದ ಬುಡದ ಕತ್ತಲೆ

ದೀಪದ ಬುಡದಲ್ಲೇ ಕತ್ತಲೆ ಎಂಬ ಗಾದೆ ಹುಟ್ಟಿದ್ದು ಹಣತೆಯ ಕಾಲದಲ್ಲಿ. ಹರಳೆಣ್ಣೆ ಹೋಗಿ ಸೀಮೆಎಣ್ಣೆ ಬಂದರೂ, ಹಣತೆಯ ಜಾಗಕ್ಕೆ ಲಾಟೀನು ಬಂದರೂ ಗಾದೆ ಸುಳ್ಳಾಗಲಿಲ್ಲ. ವಿದ್ಯುತ್ ದೀಪಕ್ಕಾದರೋ ಬುಡವೇ ಇಲ್ಲ. ಅದು ಸೂರಿನಿಂದ ತೂಗುತ್ತದೆ, ಬೆಳಕನ್ನು ಕೆಳಕ್ಕೇ ಚೆಲ್ಲುತ್ತದೆ. ಆದರೂ ವಿದ್ಯುತ್ತಿನ ಚರಿತ್ರೆಯನ್ನು ಕೆದಕಿದರೆ ಆ ಹಳೆಯ ಗಾದೆಯೇ ಮತ್ತೆ ಎದುರಾಗುತ್ತದೆ.

1902ರ ಜೂನ್ 30ರಂದು ಕಾವೇರಿಯ ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಹರಿಯಿತು. ಆ ರಾತ್ರಿ ರಾಜಧಾನಿ ಮೈಸೂರಿನ ಬೀದಿಗಳಲ್ಲಿ ವಿದ್ಯುತ್ ದೀಪವಿರಲಿಲ್ಲ. ಬೆಂಗಳೂರಿನ ಪೇಟೆಯಲ್ಲೂ ಇರಲಿಲ್ಲ. ಬೆಂಗಳೂರು ಇನ್ನೂ ಮೂರು ವರ್ಷ ಕಾಯಬೇಕಾಯಿತು, ಮೈಸೂರು ಆರು ವರ್ಷ. ಆ ತಂತಿ ಯಾವ ಹೊಲಗದ್ದೆಗಳ ಮೇಲೆ ಹಾದುಹೋಯಿತೋ ಅಲ್ಲಿನ ಹಳ್ಳಿಗಳು ಕಾದದ್ದು ವರ್ಷಗಟ್ಟಲೆ ಅಲ್ಲ, ದಶಕಗಟ್ಟಲೆ.

148 ಕಿಲೋಮೀಟರ್ ದೂರವನ್ನು ಒಂದೇ ನೆಗೆತಕ್ಕೆ ದಾಟಿದ ವಿದ್ಯುತ್ತಿಗೆ ಕಂಬದಿಂದ ಗುಡಿಸಲಿನವರೆಗಿನ ಮೂವತ್ತು ಅಡಿಯನ್ನು ದಾಟಲು ಹೆಚ್ಚು ಕಡಿಮೆ ಒಂದು ಶತಮಾನ ಬೇಕಾಯಿತು. ಇದೇಕೆ ಹೀಗಾಯಿತು?

ಮೊದಲು ಚಿನ್ನ, ಆಮೇಲೆ ದೀಪ

ಶಿವನಸಮುದ್ರದ ಯೋಜನೆ ರೂಪುಗೊಂಡದ್ದು ದೀಪ ಹಚ್ಚುವುದಕ್ಕಲ್ಲ. ಕೋಲಾರದ ಗಣಿಗಳಲ್ಲಿ ಜಾನ್ ಟೇಲರ್ ಕಂಪನಿಯವರ ಆಡಳಿತದಲ್ಲಿ 1880ರ ದಶಕದಿಂದ ಚಿನ್ನ ತೆಗೆಯುವ ಕೆಲಸ ಭರದಿಂದ ಸಾಗಿತ್ತು. ಗಣಿ ಆಳವಾದಷ್ಟೂ ನೀರೆತ್ತಬೇಕು, ಅದಿರು ಮೇಲೆತ್ತಬೇಕು, ಎತ್ತಿದ ಕಲ್ಲನ್ನು ಪುಡಿ ಮಾಡಬೇಕು. ಇದೆಲ್ಲಕ್ಕೂ ಉಗಿಯಂತ್ರಗಳೇ ಗತಿ. ಅವುಗಳ ಒಲೆಗೆ ಸೌದೆ ಬೇಕು, ಇಲ್ಲವೇ ದೂರದಿಂದ ರೈಲಿನಲ್ಲಿ ಬರುವ ಕಲ್ಲಿದ್ದಲು ಬೇಕು. ಗಣಿಯ ಖರ್ಚಿನಲ್ಲಿ ಇಂಧನದ ಪಾಲು ಭಾರಿಯಾಗಿತ್ತು.

ಆ ಹೊತ್ತಿಗೆ ಅಮೆರಿಕದಲ್ಲಿ ನಯಾಗರ ಜಲಪಾತದಿಂದ ವಿದ್ಯುತ್ ತೆಗೆದು 1896ರಲ್ಲಿ ಸುಮಾರು 26 ಮೈಲಿ ದೂರದ ಬಫೆಲೊ ನಗರಕ್ಕೆ ಸಾಗಿಸಲಾಗಿತ್ತು. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ರಾಯಲ್ ಎಂಜಿನಿಯರ್ಸ್ ಅಧಿಕಾರಿ ಜಾಲಿ ದ ಲಾಬಿನಿಯೆ ಅವರು ಶಿವನಸಮುದ್ರದಲ್ಲೂ ಅದು ಸಾಧ್ಯವೆಂದು ಯೋಜನೆ ಸಿದ್ಧಪಡಿಸಿದರು. ಬೆನ್ನಿಗೆ ನಿಂತವರು ದಿವಾನ್ ಕೆ. ಶೇಷಾದ್ರಿ ಅಯ್ಯರ್. ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನ ಎಶರ್ ವೀಸ್ ಕಂಪನಿಯಿಂದಲೂ, ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದಲೂ ಬಂದವು. ತಲಾ 720 ಕಿಲೋವ್ಯಾಟಿನ ಆರು ಯಂತ್ರಗಳು. ಸುಮಾರು 400 ಅಡಿ ಎತ್ತರದಿಂದ ಕೊಳವೆಗಳಲ್ಲಿ ಧುಮುಕುವ ಕಾವೇರಿಯ ನೀರು ಅವನ್ನು ತಿರುಗಿಸಬೇಕು.

ಕೆಲಸ ಮುಗಿಯುವುದನ್ನು ನೋಡಲು ಶೇಷಾದ್ರಿ ಅಯ್ಯರ್ ಉಳಿಯಲಿಲ್ಲ. ಹದಿನೆಂಟು ವರ್ಷ ದಿವಾನರಾಗಿದ್ದ ಅವರು 1901ರಲ್ಲಿ ಅನಾರೋಗ್ಯದಿಂದ ನಿವೃತ್ತರಾಗಿ ಅದೇ ವರ್ಷ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ವಿದ್ಯುತ್ತು ಹರಿದಾಗ ಸಂಸ್ಥಾನದ ಆಡಳಿತ ಇನ್ನೂ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಕೈಯಲ್ಲಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಅಧಿಕಾರ ವಹಿಸಿಕೊಂಡದ್ದು ಮುಂದಿನ ಆಗಸ್ಟಿನಲ್ಲಿ.

ವಿದ್ಯುತ್ತಿಗೆ ಗಿರಾಕಿ ಖಚಿತವಾಗಿದ್ದ. ಗಣಿ ಕಂಪನಿಗಳೊಡನೆ ಕರಾರು ಆಗಿತ್ತು. ಆ ಧೈರ್ಯದ ಮೇಲೆಯೇ ಸಂಸ್ಥಾನ ಹಣ ಹೂಡಿದ್ದು. ಕರ್ನಾಟಕದಲ್ಲಿ ವಿದ್ಯುತ್ತಿನ ಹಾದಿಯನ್ನು ಮೊದಲು ಗೆರೆ ಎಳೆದು ತೋರಿಸಿದ್ದು ಕತ್ತಲೆಯಲ್ಲ, ಚಿನ್ನ ಎಂಬುದನ್ನು ಮರೆಯುವಂತಿಲ್ಲ.

ಮೇಲೆ ಹೋಗುವ ತಂತಿ ಕೆಳಗೆ ಇಳಿಯದು ಏಕೆ?

ತಂತಿ ಊರ ಮೇಲೇ ಹಾದುಹೋಗುತ್ತದೆ. ಅದಕ್ಕೊಂದು ಎಳೆ ಕಟ್ಟಿ ಮನೆಗೆ ದೀಪ ಪಡೆದರೇನು ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಅದು ಆಗದ ಮಾತು. ಕಾರಣ, ದೂರ ಸಾಗುವ ವಿದ್ಯುತ್ತು ಬೇರೆ, ದೀಪ ಉರಿಸುವ ವಿದ್ಯುತ್ತು ಬೇರೆ.

ತಂತಿಯಲ್ಲಿ ವಿದ್ಯುತ್ತು ಹರಿಯುವಾಗ ಸ್ವಲ್ಪ ಭಾಗ ಶಾಖವಾಗಿ ವ್ಯರ್ಥವಾಗುತ್ತದೆ. ಹರಿವು ಎರಡರಷ್ಟಾದರೆ ನಷ್ಟ ನಾಲ್ಕರಷ್ಟು, ಹರಿವು ಹತ್ತರಷ್ಟಾದರೆ ನಷ್ಟ ನೂರರಷ್ಟು. ಆದ್ದರಿಂದ ದೂರ ಸಾಗಿಸುವವರು ಹರಿವನ್ನು ಇಳಿಸಿ ಒತ್ತಡವನ್ನು, ಅಂದರೆ ವೋಲ್ಟೇಜನ್ನು ಏರಿಸುತ್ತಾರೆ. ಸರಳವಾಗಿ ಲೆಕ್ಕ ಹಾಕುವುದಾದರೆ, ಒಂದು ಲಕ್ಷ ವ್ಯಾಟ್ ಶಕ್ತಿಯನ್ನು 100 ವೋಲ್ಟಿನಲ್ಲಿ ಕಳಿಸಲು 1000 ಆಂಪಿಯರ್ ಹರಿವು ಬೇಕು. 35,000 ವೋಲ್ಟಿನಲ್ಲಿ ಕಳಿಸಿದರೆ ಮೂರು ಆಂಪಿಯರ್ ಕೂಡ ಬೇಡ. ಶಿವನಸಮುದ್ರದಿಂದ ಕೋಲಾರಕ್ಕೆ ವಿದ್ಯುತ್ತು ಹೋದದ್ದು ಸುಮಾರು ಈ 35,000 ವೋಲ್ಟಿನ ಮಟ್ಟದಲ್ಲಿ. ಆಗ ಪ್ರಪಂಚದಲ್ಲೇ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದೆಂದು ಹೆಸರಾಯಿತು.

ಇಷ್ಟು ಒತ್ತಡದ ವಿದ್ಯುತ್ತನ್ನು ಬಲ್ಬಿಗೆ ಕೊಟ್ಟರೆ ಬಲ್ಬೂ ಉಳಿಯದು, ಮನೆಯೂ ಉಳಿಯದು. ಮೆಟ್ಟಿಲು ಇಳಿಸಿದಂತೆ ಅದನ್ನು ಹಂತಹಂತವಾಗಿ ಇಳಿಸಬೇಕು. ಈಗಿನ ವ್ಯವಸ್ಥೆಯಲ್ಲಿ ದೊಡ್ಡ ಗೋಪುರಗಳ ಮೇಲಿನ ಲಕ್ಷಾಂತರ ವೋಲ್ಟಿನ ವಿದ್ಯುತ್ತು ಉಪಕೇಂದ್ರಗಳಲ್ಲಿ ಇಳಿಯುತ್ತ ಬಂದು 11,000 ವೋಲ್ಟ್ ಆಗುತ್ತದೆ. ಬೀದಿಯ ತಿರುವಿನಲ್ಲಿ ಎರಡು ಕಂಬಗಳ ನಡುವೆ ಗುಂಯ್‌ಗುಡುತ್ತ ಕೂತಿರುವ ಟ್ರಾನ್ಸ್‌ಫಾರ್ಮರು ಅದನ್ನು ಮನೆಗೆ ಒಗ್ಗುವ 230 ವೋಲ್ಟಿಗೆ ತರುತ್ತದೆ. ಅಲ್ಲಿಂದ ಬೀದಿಯ ಕಂಬ, ಕಂಬದಿಂದ ಮನೆಯ ಗೋಡೆಗೆ ಸರ್ವೀಸ್ ವೈರು, ಆಮೇಲೆ ಮೀಟರು, ಫ್ಯೂಸು, ಮೇನ್ ಸ್ವಿಚ್ಚು. ಇಷ್ಟೆಲ್ಲ ದಾಟಿದ ಮೇಲೆ ಬಲ್ಬು.

ಪ್ರತಿ ಮೆಟ್ಟಿಲಿಗೂ ಹಣ ಬೇಕು. ಚಿನ್ನದ ಗಣಿಯಂಥ ಒಬ್ಬನೇ ದೊಡ್ಡ ಗಿರಾಕಿಗೆ ಒಂದು ಕಡೆ ಇಳಿಸಿದರೆ ಸಾಕು. ಊರೂರಿಗೆ ಕೊಡಬೇಕಾದರೆ ನೂರಾರು ಕಡೆ ಇಳಿಸಬೇಕು. ಹಾಗೆ ಇಳಿಸಿ ಸಿಗುವುದಾದರೂ ಏನು? ರಾತ್ರಿ ನಾಲ್ಕು ಗಂಟೆ ಒಂದು ಬಲ್ಬು ಉರಿಸುವ ಬಡವನ ಬಿಲ್ಲು. ದೂರ ಸಾಗಿಸುವುದು ಎಂಜಿನಿಯರಿನ ಸಮಸ್ಯೆಯಾಗಿತ್ತು, ಅದು ಬೇಗ ಬಗೆಹರಿಯಿತು. ಕೆಳಗಿಳಿಸುವುದು ಲೆಕ್ಕಪತ್ರದ ಸಮಸ್ಯೆಯಾಗಿತ್ತು, ಅದು ಬಗೆಹರಿಯಲಿಲ್ಲ. ಕಂಬದ ಬುಡದಲ್ಲಿ ಕತ್ತಲೆ ಉಳಿದದ್ದು ಹೀಗೆ.

ಸಿದ್ಧಿಕಟ್ಟೆಯ ಬೆಳಕು

ಗಣಿಗೆ ಕೊಟ್ಟು ಉಳಿದ ವಿದ್ಯುತ್ತಿಗೆ ಗಿರಾಕಿ ಹುಡುಕುವಾಗ ಬೆಂಗಳೂರು ಕಣ್ಣಿಗೆ ಬಿತ್ತು. 1905ರ ಆಗಸ್ಟ್ 5ರಂದು ಪೇಟೆಯಲ್ಲಿ, ಈಗ ಕೃಷ್ಣರಾಜ ಮಾರುಕಟ್ಟೆ ಇರುವ ಭಾಗದಲ್ಲಿ ಮೊದಲ ವಿದ್ಯುತ್ ಬೀದಿದೀಪಗಳು ಬೆಳಗಿದವು. ಆಗ ಮಾರುಕಟ್ಟೆಯ ಕಟ್ಟಡವಿರಲಿಲ್ಲ. ಅದು ಕಟ್ಟಲ್ಪಟ್ಟದ್ದು 1921ರಲ್ಲಿ, ಸಿದ್ಧಿಕಟ್ಟೆ ಎಂಬ ಹಳೆಯ ಕೆರೆಯ ಜಾಗದಲ್ಲಿ.

ಏಷ್ಯಾ ಖಂಡದಲ್ಲೇ ಮೊದಲು ವಿದ್ಯುತ್ ಬೀದಿದೀಪ ಕಂಡ ನಗರ ಬೆಂಗಳೂರು ಎಂಬ ಮಾತು ಶಾಲೆಯ ಪಾಠದಿಂದ ಹಿಡಿದು ಭಾಷಣಗಳವರೆಗೆ ಕೇಳಿಬರುತ್ತದೆ. ಹೆಮ್ಮೆಯ ಮಾತೇನೋ ಹೌದು, ಆದರೆ ನಿಲ್ಲುವ ಮಾತಲ್ಲ. ಜಪಾನಿನ ಟೋಕಿಯೊದ ಗಿನ್ಜಾ ಬೀದಿಯಲ್ಲಿ 1882ರಲ್ಲೇ ವಿದ್ಯುತ್ ದೀಪ ಉರಿದಿತ್ತು. ಭಾರತದಲ್ಲೇ ನೋಡಿದರೂ ಡಾರ್ಜಿಲಿಂಗಿನ ಸಿದ್ರಪೋಂಗ್ ಜಲವಿದ್ಯುತ್ ಕೇಂದ್ರ 1897ರ ನವೆಂಬರಿನಲ್ಲಿ ಆರಂಭವಾಗಿತ್ತು. ಕಲ್ಕತ್ತೆಯಲ್ಲಿ 1899ರ ಏಪ್ರಿಲಿನಿಂದ ಉಗಿಶಕ್ತಿಯ ವಿದ್ಯುತ್ತು ಜನರಿಗೆ ಮಾರಾಟವಾಗುತ್ತಿತ್ತು. ಆದರೆ ಡಾರ್ಜಿಲಿಂಗಿನದು 130 ಕಿಲೋವ್ಯಾಟಿನ ಸಣ್ಣ ಕೇಂದ್ರ, ಬೆಟ್ಟದ ಪಕ್ಕದ ಪಟ್ಟಣಕ್ಕಷ್ಟೆ ಸಾಕು. ನದಿಯ ಶಕ್ತಿಯನ್ನು ನೂರಕ್ಕೂ ಹೆಚ್ಚು ಕಿಲೋಮೀಟರ್ ಆಚೆಗೆ ಸಾಗಿಸಿ ತೋರಿಸಿದ್ದು ಮೈಸೂರು ಸಂಸ್ಥಾನದ ನಿಜವಾದ ಸಾಧನೆ. ಇಲ್ಲದ ಹೆಗ್ಗಳಿಕೆಯ ಹಿಂದೆ ಬಿದ್ದು ಇದ್ದ ಹೆಗ್ಗಳಿಕೆಯನ್ನು ಮರೆತಂತಾಗಿದೆ.

ಆ ಕಾಲದ ಬಲ್ಬಿನ ಬೆಳಕೂ ಈಗಿನವರು ಊಹಿಸುವಂಥದ್ದಲ್ಲ. ಗಾಜಿನ ಬುರುಡೆಯೊಳಗೆ ಉರಿಯುತ್ತಿದ್ದುದು ಹೆಚ್ಚಾಗಿ ಇಂಗಾಲದ ಎಳೆ. ಟಂಗ್‌ಸ್ಟನ್ ಎಳೆಯ ಬಲ್ಬು ಬಳಕೆಗೆ ಬಂದದ್ದು ಕೆಲವು ವರ್ಷಗಳ ನಂತರ. ಇಂಗಾಲದ ಬಲ್ಬಿನ ಬೆಳಕು ಕೆಂಪಗೆ, ಮಂದವಾಗಿ ಇರುತ್ತಿತ್ತು. ಸಾಲದೆಂಬಂತೆ ಶಿವನಸಮುದ್ರದ ವಿದ್ಯುತ್ತು ನಯಾಗರದ ಮಾದರಿಯಲ್ಲಿ ಸೆಕೆಂಡಿಗೆ 25 ಆವರ್ತನದ್ದು. ಗಣಿಯ ಯಂತ್ರಗಳಿಗೆ ಅದು ಒಗ್ಗುತ್ತದೆ, ಆದರೆ ದೀಪಕ್ಕೆ ಕೊಟ್ಟರೆ ಬೆಳಕು ನಡುಗುವುದು ಕಣ್ಣಿಗೆ ಕಾಣುತ್ತದೆ. ಈಗ ದೇಶದಾದ್ಯಂತ ಇರುವುದು 50 ಆವರ್ತನ. ಯಂತ್ರಕ್ಕಾಗಿ ಹುಟ್ಟಿದ ವಿದ್ಯುತ್ತು ದೀಪಕ್ಕೆ ಹೊಂದಿಕೊಳ್ಳಲು ಕಾಲ ಹಿಡಿಯಿತು ಎನ್ನುವುದಕ್ಕೆ ಇದೂ ಒಂದು ಸಾಕ್ಷಿ.

ಬೀದಿಗೆ ಬಂದದ್ದು ಮನೆಗೆ ಬರಲಿಲ್ಲ

1908ರಲ್ಲಿ ಮೈಸೂರಿಗೂ ವಿದ್ಯುತ್ತು ಬಂತು. 1897ರ ಬೆಂಕಿಗೆ ಆಹುತಿಯಾದ ಹಳೆಯ ಅರಮನೆಯ ಜಾಗದಲ್ಲಿ 1912ರ ವೇಳೆಗೆ ಎದ್ದುನಿಂತ ಹೊಸ ಅರಮನೆ ಮುಂದೆ ವಿದ್ಯುತ್ ದೀಪಾಲಂಕಾರಕ್ಕೇ ಹೆಸರಾಯಿತು. ಈಗ ಸುಮಾರು ಒಂದು ಲಕ್ಷ ಬಲ್ಬುಗಳು ಅಲ್ಲಿ ಒಮ್ಮೆಗೇ ಹೊತ್ತಿಕೊಳ್ಳುವುದನ್ನು ನೋಡಲು ದಸರೆಗೆ ಜನ ನೆರೆಯುತ್ತಾರೆ.

ಸಾಮಾನ್ಯರ ಮಟ್ಟಿಗೆ ವಿದ್ಯುತ್ತು ಬಹುಕಾಲ ಹೀಗೆ ಹೊರಗೆ ನಿಂತು ನೋಡುವ ವಸ್ತುವಾಗಿಯೇ ಇತ್ತು. ಅರಮನೆ, ಕಚೇರಿ, ಆಸ್ಪತ್ರೆ, ಸಿನಿಮಾ ಮಂದಿರ, ಬೀದಿಯ ಕಂಬ ಇಲ್ಲೆಲ್ಲ ಬೆಳಕು. ಮನೆಯೊಳಗೆ ಅದೇ ಬುಡ್ಡಿ ದೀಪ, ಅದೇ ಲಾಟೀನು, ಸಂಜೆಗೆ ಮೊದಲು ಬೂದಿ ಹಾಕಿ ಗಾಜು ಒರೆಸುವ ಅದೇ ಕೆಲಸ. ಬೀದಿದೀಪದ ಕೆಳಗೆ ಕುಳಿತು ಓದಿ ದೊಡ್ಡವರಾದವರ ಕಥೆಗಳು ಎಷ್ಟಿಲ್ಲ! ಅವನ್ನು ಹುಡುಗರ ಛಲಕ್ಕೆ ಉದಾಹರಣೆಯಾಗಿ ಹೇಳುವುದು ವಾಡಿಕೆ. ಕಂಬದವರೆಗೆ ಬಂದ ವಿದ್ಯುತ್ತು ಹುಡುಗನ ಮನೆಯೊಳಗೆ ಹೋಗಿರಲಿಲ್ಲ ಎಂಬ ಇನ್ನೊಂದು ಅರ್ಥವೂ ಆ ಕಥೆಗಳಿಗಿದೆ.

ಮನೆಗೆ ವಿದ್ಯುತ್ತು ತರಿಸಿಕೊಳ್ಳುವುದು ಸುಲಭವಿರಲಿಲ್ಲ. ಠೇವಣಿ ಕಟ್ಟಬೇಕು. ಗೋಡೆಯ ಮೇಲೆ ಮರದ ಪಟ್ಟಿ ಹೊಡೆಸಿ ಅದರ ಮೇಲೆ ವೈರು ಎಳೆಸಬೇಕು. ಉಂಡೆಯಂಥ ಕಪ್ಪು ಸ್ವಿಚ್ಚು, ಪಿಂಗಾಣಿಯ ಫ್ಯೂಸು ಕೊಳ್ಳಬೇಕು. ಗುಡಿಸಲಿಗೆ ಗೋಡೆಯೇ ಸರಿಯಿಲ್ಲ, ಪಟ್ಟಿ ಎಲ್ಲಿ ಹೊಡೆಯುವುದು? ಬಾಡಿಗೆಯವನಿಗೆ ಮನೆಯೇ ಸ್ವಂತದ್ದಲ್ಲ, ಠೇವಣಿ ಯಾರ ಹೆಸರಿನಲ್ಲಿ ಕಟ್ಟುವುದು?

ಬಂದ ಮನೆಗಳಲ್ಲಿ ಮಾತ್ರ ಅದು ಬೇಗನೆ ಹಳೆಯ ಸಂಪ್ರದಾಯದೊಳಗೆ ಸೇರಿಹೋಯಿತು. ಸ್ವಿಚ್ಚು ಒತ್ತುವುದಕ್ಕೂ ಕನ್ನಡದಲ್ಲಿ ದೀಪ ಹಚ್ಚುವುದು ಎಂದೇ ಹೆಸರು. ಮುಸ್ಸಂಜೆ ಬಲ್ಬು ಹತ್ತಿದೊಡನೆ ಅದಕ್ಕೆ ಕೈಮುಗಿಯುವ ಹಿರಿಯರು ಈಗಲೂ ಇದ್ದಾರೆ. ಮಿಕ್ಸಿ, ಫ್ರಿಜ್ಜು, ಟಿ.ವಿ. ಎಲ್ಲ ಓಡಿದರೂ ತಿಂಗಳ ಕೊನೆಗೆ ಬರುವುದು 'ಲೈಟ್ ಬಿಲ್ಲು' ಎಂದೇ ಜನ ಹೇಳುವುದು. ಗಣಿಗಾಗಿ ಹುಟ್ಟಿದ ಶಕ್ತಿಯನ್ನು ಕನ್ನಡದ ಮನೆಗಳು ದೀಪವೆಂದೇ ಬರಮಾಡಿಕೊಂಡವು.

ನದಿಗೆ ಕಟ್ಟಿದ ಕಟ್ಟೆಗಳು

ಬೇಡಿಕೆ ಏರಿದಂತೆ ಶಿವನಸಮುದ್ರಕ್ಕೆ ಬೇಸಿಗೆಯ ಕಾಟ ಶುರುವಾಯಿತು. ಮಳೆಗಾಲದಲ್ಲಿ ಭೋರ್ಗರೆಯುವ ಕಾವೇರಿ ಬೇಸಿಗೆಯಲ್ಲಿ ಬಡವಾಗುತ್ತದೆ. ನೀರು ಇಳಿದರೆ ಯಂತ್ರ ನಿಲ್ಲುತ್ತದೆ, ಯಂತ್ರ ನಿಂತರೆ ಗಣಿ ನಿಲ್ಲುತ್ತದೆ. ಕನ್ನಂಬಾಡಿಯಲ್ಲಿ ಅಣೆಕಟ್ಟು ಕಟ್ಟಬೇಕೆಂಬ ಎಂ. ವಿಶ್ವೇಶ್ವರಯ್ಯನವರ ವಾದಕ್ಕೆ ಬಲ ಬಂದ ಕಾರಣಗಳಲ್ಲಿ ಇದೂ ಒಂದು. 1911ರಲ್ಲಿ ಕೆಲಸ ಆರಂಭವಾಯಿತು. ಮಂಡ್ಯದ ಬಯಲಿಗೆ ನೀರುಣಿಸಿದ ಅಣೆಕಟ್ಟು ಎಂದೇ ಕೃಷ್ಣರಾಜಸಾಗರ ಈಗ ಪ್ರಸಿದ್ಧ. ವಿದ್ಯುತ್ ಯಂತ್ರಗಳಿಗೆ ವರ್ಷವಿಡೀ ನೀರು ಒದಗಿಸುವುದೂ ಅದರ ಮೂಲ ಉದ್ದೇಶದಲ್ಲಿ ಸೇರಿತ್ತು.

1940ರಲ್ಲಿ ಶಿಂಷಾ, 1948ರಲ್ಲಿ ಜೋಗ, 1960ರ ದಶಕದಲ್ಲಿ ಶರಾವತಿ ಹೀಗೆ ಒಂದರ ಹಿಂದೆ ಒಂದು ಕೇಂದ್ರಗಳು ಬಂದವು. ಶಿವನಸಮುದ್ರದ ಮೊದಲ ಆರು ಯಂತ್ರಗಳ ಒಟ್ಟು ಶಕ್ತಿ ನಾಲ್ಕೂಕಾಲು ಮೆಗಾವ್ಯಾಟಿನಷ್ಟಿದ್ದರೆ, ಶರಾವತಿಯ ಹತ್ತು ಯಂತ್ರಗಳದು 1035 ಮೆಗಾವ್ಯಾಟ್. ರಾಜ್ಯದ ಮನೆಗಳಿಗೂ ಕಾರ್ಖಾನೆಗಳಿಗೂ ಬೆಳಕು ಕೊಟ್ಟ ಆ ಶರಾವತಿಗಾಗಿ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮನೆ, ಗದ್ದೆ, ತೋಟ ಕಳೆದುಕೊಂಡವರು ಸಾವಿರಾರು ಕುಟುಂಬಗಳು. ಬೆಳಕಿನ ಲೆಕ್ಕ ಬರೆಯುವಾಗ ಖರ್ಚಿನ ಕಲಮಿನಲ್ಲಿ ಅವರ ಹೆಸರು ಮೊದಲು ಬರಬೇಕು.

ಉತ್ಪಾದನೆ ಬೆಳೆಯಿತು, ಇಲಾಖೆಯ ಹೆಸರೂ ಬದಲಾಯಿತು. 1957ರಲ್ಲಿ ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ರಚನೆಯಾಯಿತು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ಮೇಲೆ ಅದೇ ಕೆಇಬಿ. 1999ರಲ್ಲಿ ಕೆಇಬಿ ಹೋಗಿ ಪ್ರಸರಣ ನಿಗಮ ಬಂತು, 2002ರಲ್ಲಿ ಬೆಸ್ಕಾಂ ಮೊದಲಾದ ವಿತರಣಾ ಕಂಪನಿಗಳು ಬಂದವು. ಆದರೂ ಕರೆಂಟು ಹೋದಾಗ 'ಕೆಇಬಿಗೆ ಫೋನ್ ಮಾಡಿ' ಎನ್ನುವ ಮಾತು ಇನ್ನೂ ನಿಂತಿಲ್ಲ.

ಊರಿಗೆ ಕರೆಂಟು ಬಂತು ಎಂದರೇನು?

ಸ್ವಾತಂತ್ರ್ಯ ಬಂದ ಮೇಲೆ ಹಳ್ಳಿಗಳ ವಿದ್ಯುದೀಕರಣ ಪಂಚವಾರ್ಷಿಕ ಯೋಜನೆಗಳ ದೊಡ್ಡ ಮಾತಾಯಿತು. ಇಷ್ಟು ಸಾವಿರ ಹಳ್ಳಿಗಳಿಗೆ ವಿದ್ಯುತ್ ಎಂಬ ಅಂಕಿ ಅಂಶ ವರ್ಷವರ್ಷವೂ ಏರುತ್ತ ಹೋಯಿತು. ಆದರೆ ಹಳ್ಳಿಗೆ ವಿದ್ಯುತ್ತು ಬಂದಿದೆ ಎಂದು ಬರೆದುಕೊಳ್ಳಲು ಏನಿರಬೇಕು?

1997ರವರೆಗೆ ಇದ್ದ ವ್ಯಾಖ್ಯೆ ಓದಿದರೆ ಆಶ್ಚರ್ಯವಾಗುತ್ತದೆ. ಹಳ್ಳಿಯ ಕಂದಾಯ ಎಲ್ಲೆಯೊಳಗೆ ಎಲ್ಲಾದರೂ ಒಂದು ಕಡೆ, ಯಾವುದಾದರೂ ಒಂದು ಕೆಲಸಕ್ಕೆ ವಿದ್ಯುತ್ ಬಳಕೆಯಾದರೆ ಸಾಕು, ಆ ಹಳ್ಳಿ ವಿದ್ಯುದೀಕರಣವಾದಂತೆ. ಊರಾಚೆಯ ತೋಟದಲ್ಲಿ ಒಬ್ಬರ ಪಂಪ್‌ಸೆಟ್ಟು ಓಡಿದರೂ ಊರಿಗೆ ಊರೇ ಬೆಳಕು ಕಂಡ ಲೆಕ್ಕ! 1997ರಲ್ಲಿ ಇದನ್ನು ತಿದ್ದಿ, ಜನವಸತಿ ಇರುವ ಜಾಗದಲ್ಲಿ ಬಳಕೆಯಾಗಬೇಕು ಎಂದು ಮಾಡಲಾಯಿತು. 2004ರಲ್ಲಿ ಮತ್ತೆ ಬಿಗಿಯಾಯಿತು: ಟ್ರಾನ್ಸ್‌ಫಾರ್ಮರು ಮತ್ತು ತಂತಿ ಜನವಸತಿಯಲ್ಲೂ, ದಲಿತ ಕೇರಿಯಿದ್ದರೆ ಅಲ್ಲೂ ಇರಬೇಕು, ಶಾಲೆ, ಪಂಚಾಯ್ತಿ ಕಚೇರಿ, ಆರೋಗ್ಯ ಕೇಂದ್ರಗಳಿಗೆ ವಿದ್ಯುತ್ ಇರಬೇಕು, ಕನಿಷ್ಠ ನೂರಕ್ಕೆ ಹತ್ತು ಮನೆಗಳಿಗಾದರೂ ಸಂಪರ್ಕ ಇರಬೇಕು.

ದಲಿತ ಕೇರಿ ಎಂಬ ಮಾತನ್ನು 2004ರಲ್ಲಿ ಕಾಗದದ ಮೇಲೆ ಬೇರೆಯಾಗಿ ಬರೆಯಬೇಕಾಗಿ ಬಂತು ಎನ್ನುವುದೇ ಸಾಕಷ್ಟು ಹೇಳುತ್ತದೆ. ಊರೊಳಗೆ ಬಂದ ಕಂಬ ಕೇರಿಯ ಕಡೆಗೆ ತಿರುಗದೆ ಎಷ್ಟೋ ಕಡೆ ನಿಂತುಬಿಟ್ಟಿತ್ತು. ಇನ್ನು ನೂರಕ್ಕೆ ಹತ್ತು ಮನೆ ಎಂದರೆ ತೊಂಬತ್ತು ಮನೆ ಕತ್ತಲಲ್ಲಿದ್ದರೂ ಕಡತದಲ್ಲಿ ಊರು ಬೆಳಕಾಗಿರುತ್ತದೆ. 2018ರ ಏಪ್ರಿಲ್ 28ರಂದು ಮಣಿಪುರದ ಲೈಸಾಂಗ್ ಹಳ್ಳಿಗೆ ವಿದ್ಯುತ್ ತಲಪಿ ದೇಶದ ಎಲ್ಲ ಹಳ್ಳಿಗಳ ವಿದ್ಯುದೀಕರಣ ಪೂರ್ಣವಾಯಿತೆಂದು ಕೇಂದ್ರ ಸರ್ಕಾರ ಘೋಷಿಸಿದಾಗಲೂ ಅಳತೆಗೋಲು ಇದೇ ಆಗಿತ್ತು.

ಕೊನೆಯ ಮೂವತ್ತು ಅಡಿ

ಹಳ್ಳಿಯನ್ನಲ್ಲ, ಮನೆಯನ್ನು ಎಣಿಸಬೇಕು ಎಂಬ ಯೋಚನೆಗೆ ಕರ್ನಾಟಕದಲ್ಲಿ ರೂಪ ಸಿಕ್ಕಿದ್ದು 1979-80ರ ಸುಮಾರಿಗೆ ಬಂದ ಭಾಗ್ಯಜ್ಯೋತಿ ಯೋಜನೆಯಲ್ಲಿ. ಬಡವರ ಮನೆಗೆ ಒಂದೇ ಒಂದು ದೀಪದ ಸಂಪರ್ಕ. ಎಂಜಿನಿಯರುಗಳ ಕಣ್ಣಿಗೆ ಇದು ಲೆಕ್ಕಕ್ಕೇ ಬಾರದ ಸಂಗತಿ. ಆದರೆ ಆ ಒಂದು ಬಲ್ಬಿನ ಬೆಲೆ ಗೊತ್ತಿದ್ದವರು ಅದರ ಕೆಳಗೆ ಬದುಕಿದವರು. ಸೀಮೆಎಣ್ಣೆಗೆ ಸರದಿಯಲ್ಲಿ ನಿಲ್ಲುವುದು ತಪ್ಪಿತು. ಹೊಗೆಗೆ ಕಣ್ಣುಜ್ಜಿಕೊಳ್ಳುವುದು ತಪ್ಪಿತು. ಹುಲ್ಲಿನ ಸೂರಿಗೆ ಬುಡ್ಡಿಯ ಕಿಡಿ ತಗಲುವ ಭಯ ತಪ್ಪಿತು. ರಾತ್ರಿ ಊಟದ ತಟ್ಟೆಯಲ್ಲಿ ಏನಿದೆಯೆಂದು ಕಾಣತೊಡಗಿತು. ಭಾಗ್ಯಜ್ಯೋತಿ ಎಂಬ ಹೆಸರೇ ಜನರ ಬಾಯಲ್ಲಿ ಬಡವರ ಕರೆಂಟು ಎಂಬುದಕ್ಕೆ ಪರ್ಯಾಯವಾಯಿತು.

ಇದೇ ದಾರಿಯಲ್ಲಿ ಕೇಂದ್ರದ ಕುಟೀರ ಜ್ಯೋತಿ ಬಂತು. 2017ರಲ್ಲಿ ಸೌಭಾಗ್ಯ ಯೋಜನೆ ಬಂದಾಗ ಬಡವರ ಮನೆಗೆ ಪುಕ್ಕಟೆಯಾಗಿ ಕೊಟ್ಟ ಸಾಮಾನಿನ ಪಟ್ಟಿಯಲ್ಲಿದ್ದುದು ಸರ್ವೀಸ್ ವೈರು, ಮೀಟರು, ಒಂದು ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜು ಮಾಡಲು ಒಂದು ಪಾಯಿಂಟು. ದಶಕಗಳ ಕಾಲ ಮನೆಯವನೇ ಭರಿಸಲಿ ಎಂದು ಬಿಟ್ಟಿದ್ದ ಕೊನೆಯ ಮೂವತ್ತು ಅಡಿಯ ಖರ್ಚು ಇಷ್ಟೇ ಆಗಿತ್ತು. 2023ರಲ್ಲಿ ಕರ್ನಾಟಕದ ಗೃಹಜ್ಯೋತಿ ಯೋಜನೆ ಮನೆಬಳಕೆಯ 200 ಯೂನಿಟ್‌ವರೆಗಿನ ಬಿಲ್ಲನ್ನೂ ಸರ್ಕಾರದ ಲೆಕ್ಕಕ್ಕೆ ಹಾಕಿಕೊಂಡಿತು.

ಬಲ್ಬು ಬದಲಾದದ್ದೂ ಬಡವರ ಕೈ ಹಿಡಿಯಿತು. 60 ವ್ಯಾಟಿನ ಹಳೆಯ ಬುರುಡೆ ಬಲ್ಬು ಕೊಡುತ್ತಿದ್ದ ಬೆಳಕನ್ನು 9 ವ್ಯಾಟಿನ ಎಲ್‌ಇಡಿ ಕೊಡುತ್ತದೆ. ದಿನಕ್ಕೆ ಐದು ಗಂಟೆ ಉರಿಸಿದರೆ ಹಳೆಯದಕ್ಕೆ ತಿಂಗಳಿಗೆ 9 ಯೂನಿಟ್, ಹೊಸದಕ್ಕೆ ಒಂದೂವರೆ ಯೂನಿಟ್ಟಿಗಿಂತ ಕಡಿಮೆ. ಒಂದು ಮನೆಗೆ ಬೇಕಾಗಿದ್ದ ವಿದ್ಯುತ್ತು ಈಗ ಆರು ಮನೆಗೆ ಸಾಲುತ್ತದೆ.

ಯಾವ ಚಿನ್ನಕ್ಕಾಗಿ ಕಾವೇರಿಯಿಂದ ಮೊದಲ ತಂತಿ ಎಳೆಯಲಾಯಿತೋ ಆ ಕೋಲಾರದ ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿಹೋಯಿತು. ನೀರೆತ್ತುವ ಪಂಪುಗಳು ನಿಂತು ಸುರಂಗಗಳಲ್ಲಿ ನೀರು ತುಂಬಿತು. ಶಿವನಸಮುದ್ರದ ಕೇಂದ್ರ ಮಾತ್ರ ನಿಂತಿಲ್ಲ. ಅದರ ವಿದ್ಯುತ್ತು ರಾಜ್ಯದ ಜಾಲಕ್ಕೆ ಸೇರಿ, ಎಲ್ಲಿಯದೆಂಬ ಗುರುತಿಲ್ಲದೆ, ಮೆಟ್ಟಿಲುಮೆಟ್ಟಿಲಾಗಿ ಇಳಿದು ಮನೆಗಳಿಗೆ ಬರುತ್ತದೆ. ದೊಡ್ಡ ಗಿರಾಕಿ ಹೋದ ಮೇಲೂ ಉಳಿದವರು ಸಣ್ಣ ಗಿರಾಕಿಗಳು. ಒಂದು ಬಲ್ಬಿನವರು, ಎರಡು ಬಲ್ಬಿನವರು. ಅವರ ಮನೆಯ ಬಾಗಿಲಿಗೆ ಬರಲು ಆ ವಿದ್ಯುತ್ತು ಹಿಡಿದ ದಾರಿ ಮಾತ್ರ 148 ಕಿಲೋಮೀಟರಿಗಿಂತ ಬಹಳ ದೂರದ್ದಾಗಿತ್ತು.